ಹಲ್ಲಿನ ಖರ್ಚು ಮತ್ತು ಮನಸ್ಸಿನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಂತವೈದ್ಯೆ ಅಲ್ಲ. ಉಳಿಸಿಕೊಳ್ಳಬಹುದಾಗಿದ್ದ ಒಂದು ದವಡೆ ಹಲ್ಲನ್ನು ಕಳೆದುಕೊಂಡವಳು. ಆಗ ಕೈಯಲ್ಲಿ ಹಣ ಇತ್ತು, ಬಿಡುವೂ ಇತ್ತು. ಆ ಹಲ್ಲು ಮುಖ್ಯ ಅಂತ ಮಾತ್ರ ಅನ್ನಿಸಿರಲಿಲ್ಲ. ಅದಾದ ಮೇಲೆ ಮನೆಯವರು, ಗೆಳತಿಯರು ಹಲ್ಲಿನ ಖರ್ಚಿನ ಮಾತು ತೆಗೆದಾಗಲೆಲ್ಲ ಕಿವಿಗೊಟ್ಟು ಕೇಳುತ್ತಾ ಬಂದಿದ್ದೇನೆ. ಎಲ್ಲರೂ ಶುರು ಮಾಡುವುದು ‘ಎಷ್ಟಾಗುತ್ತೆ?’ ಅಂತ. ಸ್ವಲ್ಪ ಹೊತ್ತು ಮಾತಾಡಿದರೆ ಬೇರೆ ಏನೋ ಹೊರಗೆ ಬರುತ್ತದೆ. ಆ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ.

ಹಣ ಇದ್ದರೆ ಮಾಡಿಸ್ತೀವಿ, ಇಲ್ಲದಿದ್ದರೆ ಇಲ್ಲ. ಇದರಲ್ಲಿ ಮೌಲ್ಯಗಳ ಮಾತು ಎಲ್ಲಿಂದ ಬಂತು?

ಬರೀ ಹಣದ ಮಾತಾಗಿದ್ದರೆ ಒಂದೇ ಸಂಬಳದ ಇಬ್ಬರು ಒಂದೇ ಥರ ಖರ್ಚು ಮಾಡಬೇಕಿತ್ತು. ಒಬ್ಬರು ಹೊಸ ಫೋನಿಗೆ ಹಿಂದೆಮುಂದೆ ನೋಡದೆ ಹಣ ಕೊಟ್ಟು, ಫಿಲ್ಲಿಂಗ್‌ಗೆ ‘ಮುಂದಿನ ತಿಂಗಳು ನೋಡೋಣ’ ಅನ್ನುತ್ತಾರೆ. ಇನ್ನೊಬ್ಬರು ಒಡೆದ ಫೋನನ್ನೇ ಬಳಸುತ್ತಾ ವರ್ಷಕ್ಕೊಮ್ಮೆ ತಪ್ಪದೆ ಹಲ್ಲು ತೋರಿಸಿಕೊಂಡು ಬರುತ್ತಾರೆ. ಇಬ್ಬರಿಗೂ ಅವರವರ ಲೆಕ್ಕ ಸರಿಯಾಗಿಯೇ ಕಾಣುತ್ತದೆ.

ಹಲ್ಲಿನ ವಿಷಯ ಇನ್ನೊಂದು ಕಾರಣಕ್ಕೂ ಬೇರೆ. ಕೈ ಮುರಿದರೆ ಹೆಚ್ಚು ಆಯ್ಕೆ ಇರುವುದಿಲ್ಲ, ಕಟ್ಟು ಹಾಕಿಸಲೇಬೇಕು. ಒಂದು ದವಡೆ ಹಲ್ಲು ಹಾಳಾದರೆ? ಕೀಳಿಸಿ ಜಾಗ ಖಾಲಿ ಬಿಡಬಹುದು. ರೂಟ್ ಕೆನಾಲ್ ಮಾಡಿಸಿ, ಅಂದರೆ ಒಳಗಿನ ಕೆಟ್ಟ ನರ ತೆಗೆಸಿ ತುಂಬಿಸಿ, ಮೇಲೆ ಕ್ಯಾಪ್ ಹಾಕಿಸಬಹುದು. ಕೀಳಿಸಿ ಬ್ರಿಜ್, ಅಂದರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಹಲ್ಲು, ಕಟ್ಟಿಸಬಹುದು. ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕಟ್ಟು ಹಲ್ಲು ಮಾಡಿಸಬಹುದು. ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಹಾಕಿ ಅದರ ಮೇಲೆ ನಿಲ್ಲಿಸುವ ಹಲ್ಲು, ಕೂಡಿಸಬಹುದು. ಒಂದೊಂದರ ಖರ್ಚೂ ಬೇರೆ, ಬಾಳಿಕೆಯೂ ಬೇರೆ. ಯಾವುದು ಸಾಧ್ಯ ಅಂತ ಡಾಕ್ಟರ್ ಹೇಳುತ್ತಾರೆ. ಯಾವುದು ಬೇಕು ಅಂತ ಹೇಳಬೇಕಾದವರು ನಾವು. ಅಲ್ಲಿ ನಮ್ಮ ಮೌಲ್ಯಗಳು ಮಾತಾಡುತ್ತವೆ. ದೊಡ್ಡ ಪದ ಬೇಡ ಅಂದರೆ, ‘ನನಗೆ ಯಾವುದು ಮುಖ್ಯ’ ಅನ್ನೋದೇ ಮೌಲ್ಯ.

2017ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ರಿಚರ್ಡ್ ಥೇಲರ್ ಒಂದು ವಿಷಯ ತೋರಿಸಿಕೊಟ್ಟರು. ನಾವು ಎಲ್ಲ ಹಣವನ್ನೂ ಒಂದೇ ಥರ ನೋಡುವುದಿಲ್ಲ. ಬಾಡಿಗೆಯದ್ದು, ಹಬ್ಬದ್ದು, ಕಷ್ಟಕಾಲದ್ದು ಅಂತ ಮನಸ್ಸಿನಲ್ಲೇ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಡುತ್ತೇವೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಹಲ್ಲಿಗೆ ಡಬ್ಬಿಯೇ ಇಲ್ಲ. ಅದು ಪೂರ್ತಿ ಕಾಯಿಲೆಯೂ ಅಲ್ಲ, ಪೂರ್ತಿ ಅಲಂಕಾರವೂ ಅಲ್ಲ ಅಂತ ನಡುವೆ ಬಿದ್ದುಹೋಗಿದೆ. ಹಾಗಾಗಿ ಖರ್ಚು ಬಂದಾಗಲೆಲ್ಲ ಬೇರೆ ಯಾವುದೋ ಡಬ್ಬಿಗೆ ಕೈ ಹಾಕಿದಂತೆ ಅನ್ನಿಸುತ್ತದೆ, ಸಂಕಟವಾಗುತ್ತದೆ.

ಈಗ ನೋವೇ ಇಲ್ಲ. ಮತ್ತೆ ಯಾಕೆ ಹಣ ಹಾಕಬೇಕು?

ನಾನೂ ಇದನ್ನೇ ಕೇಳುತ್ತಿದ್ದೆ. ಹಲ್ಲಿನ ಒಳಗೆ ಏನಾಗುತ್ತದೆ ಅಂತ ತಿಳಿದ ಮೇಲೆ ಕೇಳುವುದು ನಿಲ್ಲಿಸಿದೆ.

ಹಲ್ಲಿನ ಹೊರಕವಚ, ಅಂದರೆ ಎನಾಮಲ್, ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ಆದರೆ ಅದರಲ್ಲಿ ನರವಿಲ್ಲ, ಹಾಗಾಗಿ ಕೊರೆಯುತ್ತಿದ್ದರೂ ಗೊತ್ತಾಗುವುದಿಲ್ಲ. ಜೀವಕೋಶಗಳೂ ಇಲ್ಲ, ಹಾಗಾಗಿ ತೂತು ಬಿದ್ದ ಮೇಲೆ ತಾನಾಗಿ ಬೆಳೆಯುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಪಿಎಚ್ ಅನ್ನೋದು ಆಮ್ಲದ ಅಳತೆ, ಅದು ಕಡಿಮೆಯಾದಷ್ಟೂ ಆಮ್ಲ ಜಾಸ್ತಿ. ಅದು ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್‌ನ ಖನಿಜ ಕರಗಲು ಶುರುವಾಗುತ್ತದೆ. ಆಮೇಲೆ ಎಂಜಲು ಆ ಆಮ್ಲವನ್ನು ನಿಧಾನಕ್ಕೆ ತಣಿಸಿ ಸ್ವಲ್ಪ ಖನಿಜವನ್ನು ವಾಪಸ್ ಕೂಡಿಸುತ್ತದೆ. ದಿನಾ ಈ ಎಳೆದಾಟ ನಡೆದೇ ಇರುತ್ತದೆ. ಮೊದಲು ಕಾಣುವುದು ಒಂದು ಬಿಳಿ ಮಚ್ಚೆ. ಆ ಹಂತದಲ್ಲಿ ಫ್ಲೋರೈಡ್ ಪೇಸ್ಟಿನಿಂದಲೇ ಅದು ಹಿಂದಕ್ಕೆ ಹೋಗಬಹುದು.

ಅದನ್ನು ದಾಟಿದರೆ ಒಳಪದರ. ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಇಲ್ಲಿ ಒಂದು ಫಿಲ್ಲಿಂಗ್ ಸಾಕು. ಅದನ್ನೂ ದಾಟಿ ನರದವರೆಗೆ ಹೋದರೆ ರಾತ್ರಿ ನಿದ್ದೆ ಇಲ್ಲ. ಈಗ ರೂಟ್ ಕೆನಾಲ್, ಜೊತೆಗೆ ಕ್ಯಾಪ್. ಆಗಲೂ ಬಿಟ್ಟರೆ ಒಂದು ದಿನ ನೋವು ತಾನಾಗಿಯೇ ನಿಂತುಬಿಡುತ್ತದೆ. ನನಗೂ ನಿಂತಿತ್ತು. ವಾಸಿಯಾಯಿತು ಅಂತ ಎಷ್ಟು ಸಮಾಧಾನಪಟ್ಟೆ! ನಿಜವಾಗಿ ಒಳಗೆ ನರ ಸತ್ತಿತ್ತು, ಸೋಂಕು ಬೇರಿನ ತುದಿಗೆ ಇಳಿದಿತ್ತು. ಒಂದೂವರೆ ವರ್ಷ ಬಿಟ್ಟು ಹೋದಾಗ ಉಳಿಸಲು ಏನೂ ಉಳಿದಿರಲಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದ ಹಾಗೆ ಪ್ರತಿ ಹಂತಕ್ಕೂ ಖರ್ಚು ಜಿಗಿಯುತ್ತದೆ. ‘ಈಗ ನೋವಿಲ್ಲ’ ಅನ್ನುವಾಗ ನಾವು ಇವತ್ತಿನ ನೆಮ್ಮದಿಗೆ ಜಾಸ್ತಿ ಬೆಲೆ ಕಟ್ಟುತ್ತಿದ್ದೇವೆ, ನಾಳೆಯದಕ್ಕೆ ಕಡಿಮೆ. ತಿಳಿದು ಹಾಗೆ ಮಾಡಿದರೆ ಅದು ನಿಮ್ಮ ಆಯ್ಕೆ. ನಾನು ತಿಳಿಯದೆ ಮಾಡಿದೆ.

ನಾನು ಕೈ ಬಿಗಿ ಹಿಡಿದು ಬದುಕುವವನು. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಮಿತವ್ಯಯ ಒಳ್ಳೆ ಗುಣ. ಹಲ್ಲಿನ ವಿಷಯದಲ್ಲಿ ಅದಕ್ಕೆ ತುಂಬಾ ಜಾಗ ಇದೆ. ದುಬಾರಿ ಪೇಸ್ಟ್ ಬೇಡ. 1000ದಿಂದ 1500 ಪಿಪಿಎಂ ಫ್ಲೋರೈಡ್ ಇದೆಯಾ ಅಂತ ಡಬ್ಬದ ಮೇಲೆ ನೋಡಿ, ಸಾಕು. ಮಾಮೂಲಿ ಬ್ರಷ್ಷಿನಲ್ಲಿ 2 ನಿಮಿಷ ಸಮಾಧಾನವಾಗಿ ಉಜ್ಜಿದರೆ ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಉಜ್ಜಿದ ಮೇಲೆ ನೊರೆ ಉಗಿದು, ನೀರು ಹಾಕಿ ಪೂರ್ತಿ ಮುಕ್ಕಳಿಸದೆ ಬಿಟ್ಟರೆ ಫ್ಲೋರೈಡ್ ಹಲ್ಲಿನ ಮೇಲೆ ಇನ್ನಷ್ಟು ಹೊತ್ತು ಉಳಿಯುತ್ತದೆ. ಇದಕ್ಕೆ ಖರ್ಚೇ ಇಲ್ಲ. ಸಿಹಿಯನ್ನು ದಿನವಿಡೀ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕುವ ಬದಲು ಊಟದ ಜೊತೆ ಮುಗಿಸುವುದಕ್ಕೂ ಖರ್ಚಿಲ್ಲ. ಸಿಹಿ ಎಷ್ಟು ಅನ್ನೋದರ ಜೊತೆಗೆ ಎಷ್ಟು ಸಲ ಅನ್ನೋದೂ ಹಲ್ಲಿಗೆ ಮುಖ್ಯ.

ಉಳಿಸಬಾರದ ಕಡೆ ಅಂದರೆ ಅರ್ಧ ಮುಗಿದ ಕೆಲಸ. ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ‘ನೋವು ಹೋಯಿತಲ್ಲ’ ಅಂತ ಕ್ಯಾಪ್ ಬಿಡುವವರು ಬಹಳ ಜನ. ಒಳಗೆಲ್ಲ ಕೊರೆದ ಹಲ್ಲು ಬಲ ಕಳೆದುಕೊಂಡಿರುತ್ತದೆ. ಜೋರಾಗಿ ಕಚ್ಚಿದಾಗ ಬೇರಿನವರೆಗೆ ಸೀಳಿದರೆ ಕೀಳಿಸಲೇಬೇಕು. ರೂಟ್ ಕೆನಾಲ್‌ಗೆ ಕೊಟ್ಟ ಹಣವೂ ಅದರ ಜೊತೆ ಹೋಗುತ್ತದೆ. ಕ್ಯಾಪಿಗೆ ಹಣ ಹೊಂದಿಸಲು ಆಗದಿದ್ದರೆ ರೂಟ್ ಕೆನಾಲ್ ಶುರು ಮಾಡುವ ಮೊದಲೇ ಡಾಕ್ಟರ್ ಹತ್ತಿರ ಹೇಳಿ. ಅವರು ಯೋಜನೆ ಬದಲಿಸಬಹುದು.

6 ತಿಂಗಳಿಗೊಮ್ಮೆ ಹೋಗಲೇಬೇಕಾ?

ಎಲ್ಲರಿಗೂ ಅಲ್ಲ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲೇ ಹೇಳಿದ್ದು, ದೊಡ್ಡವರಿಗೆ ಅಪಾಯ ಎಷ್ಟಿದೆ ಅನ್ನೋದರ ಮೇಲೆ 3 ತಿಂಗಳಿಂದ 24 ತಿಂಗಳವರೆಗೆ ಅಂತರ ಇಡಬಹುದು ಅಂತ. ಮಕ್ಕಳಿಗೆ 12 ತಿಂಗಳು ಮೀರಬಾರದು. ಸಕ್ಕರೆ ಕಾಯಿಲೆ ಇದ್ದರೆ, ಸಿಗರೇಟು ಅಥವಾ ತಂಬಾಕು ಅಭ್ಯಾಸ ಇದ್ದರೆ, ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಬೇಗ ಬೇಗ ಹೋಗಬೇಕು. ‘ನನ್ನ ಬಾಯಿಗೆ ಎಷ್ಟು ತಿಂಗಳು?’ ಅಂತ ನೇರವಾಗಿ ಕೇಳಿ.

ಕೀಳಿಸೋದೇ ಅಗ್ಗ ಅಲ್ವಾ? ಒಂದು ಹಲ್ಲು ಹೋದರೆ ಏನಾಗುತ್ತೆ?

ಯಾವ ಹಲ್ಲು ಅನ್ನೋದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ.

ನಡುವಿನ ಒಂದು ಹಲ್ಲು ಹೋದರೆ ಪಕ್ಕದವು ಆ ಜಾಗಕ್ಕೆ ವಾಲಬಹುದು, ಎದುರಿನದು ಉದ್ದಕ್ಕೆ ಇಳಿಯಬಹುದು. ಅಲ್ಲಿನ ಮೂಳೆ ಸವೆಯುತ್ತದೆ. ಮುಂದೆ ಇಂಪ್ಲಾಂಟ್ ಹಾಕಿಸಬೇಕು ಅನ್ನಿಸಿದರೆ ಮೊದಲು ಮೂಳೆ ತುಂಬಿಸಬೇಕಾಗಬಹುದು. ಆಗ ಅವತ್ತಿನ ಅಗ್ಗ ಇವತ್ತಿಗೆ ದುಬಾರಿ.

ಆದರೆ ಹೋದ ಹಲ್ಲನ್ನೆಲ್ಲ ಮತ್ತೆ ಕೂಡಿಸಲೇಬೇಕು ಅಂತಲೂ ಇಲ್ಲ. ನೆದರ್ಲೆಂಡ್ಸಿನ ದಂತವೈದ್ಯ ಕೈಸರ್ 1981ರಲ್ಲಿ ಮಂಡಿಸಿದ ಒಂದು ವಿಚಾರ ಇದೆ: ಹಿಂದಿನ ದವಡೆ ಹಲ್ಲುಗಳು ಇಲ್ಲದಿದ್ದರೂ ಮುಂದಿನ ಸುಮಾರು 20 ಹಲ್ಲು ಗಟ್ಟಿಯಾಗಿದ್ದರೆ ಬಹಳ ಜನರಿಗೆ ಅಗಿಯಲು ಸಾಕಾಗುತ್ತದೆ. ಜಪಾನಿನಲ್ಲಿ 1989ರಲ್ಲಿ ಶುರುವಾದ ಪ್ರಚಾರದ ಹೆಸರೇ 8020. ಅಂದರೆ 80 ವಯಸ್ಸಿಗೆ ಸ್ವಂತದ 20 ಹಲ್ಲು. ಬಾಯಲ್ಲಿ 32 ಹಲ್ಲು ಬರುತ್ತವೆ ಅಂತ ನಾವು ಎಣಿಸಿಕೊಂಡಿದ್ದೇವೆ. ಬದುಕಲು ಅಷ್ಟೂ ಬೇಕಾಗಿಲ್ಲ. ಕೊನೆಯ ದವಡೆ ಹಲ್ಲೊಂದು ಹೋಗಿದೆ, ತಿನ್ನಲು ತೊಂದರೆ ಇಲ್ಲ ಅಂದರೆ ಆ ಜಾಗ ಖಾಲಿ ಬಿಡುವುದೂ ಒಳ್ಳೆ ನಿರ್ಧಾರವೇ ಆಗಬಹುದು.

ಉಳಿದ ಆಯ್ಕೆಗಳಲ್ಲಿ ಮನಸ್ಸಿನ ಒಲವು ಚೆನ್ನಾಗಿ ಕಾಣುತ್ತದೆ. ‘ಚೆನ್ನಾಗಿರೋ ಹಲ್ಲನ್ನು ಮುಟ್ಟಬೇಡಿ’ ಅನ್ನುವವರಿಗೆ ಬ್ರಿಜ್ ಹಿಡಿಸುವುದಿಲ್ಲ, ಯಾಕೆಂದರೆ ಅದಕ್ಕೆ ಅಕ್ಕಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಬೇಕು. ‘ಬಾಯಲ್ಲಿ ಆಪರೇಷನ್ ಬೇಡ’ ಅನ್ನುವವರಿಗೆ ಇಂಪ್ಲಾಂಟ್ ಆಗುವುದಿಲ್ಲ. ಇಂಪ್ಲಾಂಟ್‌ನಲ್ಲಿ ಟೈಟಾನಿಯಂ ಸ್ಕ್ರೂ ಮೂಳೆಯ ಜೊತೆ ಬೆಸೆದುಕೊಳ್ಳಬೇಕು, ಅದಕ್ಕೆ ಎಷ್ಟೋ ಸಲ ಕೆಲವು ತಿಂಗಳು ಕಾಯಬೇಕು. ಸ್ವೀಡನ್ನಿನ ಬ್ರಾನೆಮಾರ್ಕ್ ಇದನ್ನು ಮೊದಲ ರೋಗಿಗೆ ಮಾಡಿದ್ದು 1965ರಲ್ಲಿ, ಹಾಗಾಗಿ ಇದು ಪಳಗಿದ ವಿದ್ಯೆಯೇ. ಆದರೂ ಒಮ್ಮೆ ಹಾಕಿಸಿ ಮರೆತುಬಿಡುವಂಥದ್ದಲ್ಲ. ಅದರ ಸುತ್ತಲಿನ ಒಸಡೂ ಕೆಡಬಹುದು. ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಸೋಲುವ ಸಾಧ್ಯತೆ ಜಾಸ್ತಿ.

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತೆ. ಅದಕ್ಕೂ ಖರ್ಚಾ?

ಮುಂದಿನ ಹಲ್ಲು 6-7 ವಯಸ್ಸಿಗೆ ಬೀಳುತ್ತವೆ ನಿಜ. ಹಿಂದಿನವು 10-12 ವಯಸ್ಸಿನವರೆಗೂ ಇರಬೇಕು. ಅಷ್ಟು ವರ್ಷ ಮಗು ಅದರಲ್ಲೇ ಅಗಿಯಬೇಕು, ನೋವಿದ್ದರೆ ಅದನ್ನೇ ಇಟ್ಟುಕೊಂಡು ಶಾಲೆಗೆ ಹೋಗಬೇಕು. ಬೇಗ ಕಿತ್ತರೆ ಪಕ್ಕದವು ಸರಿದು, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಇಲ್ಲದಂತೆ ಆಗಬಹುದು.

ಒಂದು ಮಾತು ದಯವಿಟ್ಟು ನೆನಪಿಡಿ. ಸುಮಾರು 6 ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಒಂದು ದೊಡ್ಡ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬಿದ್ದಿರುವುದಿಲ್ಲ, ಹಾಗಾಗಿ ಅದೂ ಹಾಲುಹಲ್ಲೇ ಅಂತ ಎಷ್ಟೋ ಅಪ್ಪ ಅಮ್ಮ ಬಿಟ್ಟುಬಿಡುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅದರ ಸಣ್ಣ ಗುಳಿಗಳನ್ನು ಸೀಲೆಂಟ್ ಹಚ್ಚಿ ಮುಚ್ಚಿಸುವ ಖರ್ಚು ಮುಂದೆ ಬರಬಹುದಾದ ಖರ್ಚಿನ ಮುಂದೆ ಏನೂ ಅಲ್ಲ.

ಮಕ್ಕಳಿಗೆ ಎಲ್ಲ ಮಾಡಿಸ್ತೀನಿ. ನನ್ನ ಹಲ್ಲಿಗೆ ಅಂದರೆ ಮನಸ್ಸೇ ಬರಲ್ಲ. ಇದು ತಪ್ಪಾ?

ತಪ್ಪು ಅನ್ನಲಾರೆ. ಇದು ಪ್ರೀತಿಯಿಂದ ಬಂದಿದ್ದು. ಆದರೂ ಇಲ್ಲಿ ಸ್ವಲ್ಪ ನಿಲ್ಲೋಣ.

ಮನೆಯಲ್ಲಿ ಎಲ್ಲರ ಚಪ್ಪಲಿ ಸವೆದಿದ್ದು ಕಾಣುತ್ತದೆ, ನಮ್ಮ ಬಾಯೊಳಗೆ ಸವೆದಿದ್ದು ಯಾರಿಗೂ ಕಾಣುವುದಿಲ್ಲ. ಹೆಂಗಸರಂತೂ ಒಂದು ಬದಿ ಅಗಿಯುವುದನ್ನು ಬಿಟ್ಟು ವರ್ಷಗಟ್ಟಲೆ ಇನ್ನೊಂದು ಬದಿಯಲ್ಲೇ ಊಟ ಮಾಡಿಕೊಂಡು ಇರುತ್ತಾರೆ. ಕೇಳಿದರೆ ‘ಅಭ್ಯಾಸ ಆಗಿದೆ’ ಅನ್ನುತ್ತಾರೆ. ನಾನು ಹಾಗೆ ಇದ್ದೆ.

ತ್ಯಾಗ ಅಂದುಕೊಂಡಿದ್ದು ಎಷ್ಟೋ ಸಲ ಮುಂದೂಡಿದ ಬಿಲ್ಲು. ಕೊನೆಗೆ ಅದನ್ನು ತುಂಬುವವರು ಅದೇ ಮಕ್ಕಳು. ಇನ್ನೊಂದು ವಿಷಯವೂ ಇದೆ. ಅಮ್ಮನ ಬಾಯಿಯ ಹುಳುಕಿನ ಬ್ಯಾಕ್ಟೀರಿಯಾ ಎಂಜಲಿನ ಮೂಲಕ ಮಗುವಿನ ಬಾಯಿಗೆ ಸೇರಬಹುದು. ಹಾಗಾಗಿ ಮಗುವಿನ ಹಲ್ಲಿಗೆ ಮಾಡುವ ಖರ್ಚಿನಲ್ಲಿ ನಿಮ್ಮ ಫಿಲ್ಲಿಂಗೂ ಸೇರಿಕೊಂಡಿದೆ ಅಂತ ಲೆಕ್ಕ ಹಾಕಿ. ಮನಸ್ಸು ಒಪ್ಪಲು ಇದು ಸುಲಭದ ದಾರಿ. ಆದರೆ ನೀವು ಬೇರೆ ಯಾರಿಗಾಗಿಯೂ ಅಲ್ಲದೆ ನಿಮಗಾಗಿಯೇ ಮಾಡಿಸಿಕೊಂಡರೆ ನನಗೆ ಇನ್ನೂ ಸಂತೋಷ.

ಹಲ್ಲು ಬಿಳಿ ಮಾಡಿಸೋದು, ನೇರ ಮಾಡಿಸೋದು ದುಂದುವೆಚ್ಚ ಅಲ್ವಾ?

ನಗುವಾಗ ಕೈ ಅಡ್ಡ ಹಿಡಿಯುವ ಹುಡುಗಿಯನ್ನು ನೋಡಿದವರು ಹಾಗೆ ಅನ್ನಲಾರರು. ಮುಖದ ಬಗ್ಗೆ ಸಂಕೋಚ ಇಲ್ಲದೆ ಬದುಕುವುದೂ ಒಂದು ಬೆಲೆಯುಳ್ಳ ವಿಷಯವೇ. ವಕ್ರ ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಎಷ್ಟೋ ಸಲ ಉಜ್ಜಲು, ಅಗಿಯಲು ಸುಲಭವಾಗುತ್ತದೆ.

ನಾನು ಎಚ್ಚರ ಹೇಳುವುದು ಬೇರೆ ಕಡೆ. ಬ್ಲೀಚ್ ಮಾಡಿಸಿದ ಬಿಳುಪು ಕಾಲ ಕಳೆದಂತೆ ಮಾಸುತ್ತದೆ, ಸ್ವಲ್ಪ ದಿನ ಜುಮ್ ಅನ್ನಬಹುದು. ಹಳೆಯ ಫಿಲ್ಲಿಂಗ್, ಕ್ಯಾಪುಗಳ ಬಣ್ಣ ಬದಲಾಗುವುದಿಲ್ಲ. ವೆನೀರ್‌ಗಳಿಗೆ, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆಗಳಿಗೆ, ಸಾಮಾನ್ಯವಾಗಿ ಎನಾಮಲ್ ತೆಳುವಾಗಿ ಕೆರೆಯುತ್ತಾರೆ, ಅದು ವಾಪಸ್ ಬರುವುದಿಲ್ಲ. ಮೊದಲು ಹುಳುಕು, ಒಸಡು ಸರಿ ಮಾಡಿಸಿ. ಆಮೇಲೆ ‘ಇದು ನನಗೆ ಬೇಕಾ, ಇಲ್ಲಾ ಬೇರೆಯವರ ಫೋಟೋ ನೋಡಿ ಬೇಕು ಅನ್ನಿಸಿದ್ದಾ?’ ಅಂತ ಒಂದೆರಡು ತಿಂಗಳು ಬಿಟ್ಟು ಕೇಳಿಕೊಳ್ಳಿ.

ಡಾಕ್ಟರ್ ಹಣಕ್ಕಾಗಿ ಜಾಸ್ತಿ ಹೇಳ್ತಿದ್ದಾರೆ ಅಂತ ಅನುಮಾನ ಬಂದರೆ?

ಅನುಮಾನ ಸಹಜ. ನಮ್ಮ ಬಾಯೊಳಗೆ ನಮಗೇ ಕಾಣದು, ಬಿಲ್ಲು ಬರೆಯುವವರೇ ಕಾಯಿಲೆಯನ್ನೂ ಹೇಳುತ್ತಾರೆ. ನಂಬಿಕೆ ನಿಮಗೆ ಮುಖ್ಯವಾಗಿದ್ದರೆ, ಸುಮ್ನೆ ತಪ್ಪಿಸಿಕೊಳ್ಳುವ ಬದಲು ನಾಲ್ಕು ಮಾತು ಕೇಳಿ. ಎಕ್ಸ್‌ರೇಯಲ್ಲಿ ಎಲ್ಲಿದೆ ತೋರಿಸಿ. 6 ತಿಂಗಳು ಕಾದರೆ ಏನಾಗಬಹುದು? ಇದಕ್ಕಿಂತ ಸಣ್ಣ ಚಿಕಿತ್ಸೆ ಇದೆಯಾ? ಖರ್ಚನ್ನು ಬರೆದುಕೊಡಿ. ಪ್ರಾಮಾಣಿಕ ವೈದ್ಯರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ದೊಡ್ಡ ಖರ್ಚಾದರೆ ಎಕ್ಸ್‌ರೇ ಪ್ರತಿ ಪಡೆದು ಇನ್ನೊಬ್ಬರಿಗೂ ತೋರಿಸಿ.

ಇಬ್ಬರು ಬೇರೆ ಬೇರೆ ಹೇಳಿದರೆ ಒಬ್ಬರು ಮೋಸಗಾರರು ಅಂತ ಅಲ್ಲ. ಶುರುವಿನ ಹುಳುಕನ್ನು ಕೆಲವರು ಕಾದು ನೋಡುತ್ತಾರೆ, ಕೆಲವರು ಬೇಗ ಕೈ ಹಾಕುತ್ತಾರೆ.

ನನಗೆ ಹಣಕ್ಕಿಂತ ಭಯವೇ ಜಾಸ್ತಿ.

ಹಾಗಾದರೆ ಅದನ್ನೇ ಮೊದಲು ಹೇಳಿ. ‘ಖರ್ಚು ಜಾಸ್ತಿ’ ಅನ್ನುವ ಮಾತಿನ ಹಿಂದೆ ಬಹಳ ಸಲ ಭಯ ಅಡಗಿರುತ್ತದೆ. ಕೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಬಹುದು. ಮೊದಲ ಸಲ ಬರೀ ನೋಡಿಸಿಕೊಂಡು ಬರಬಹುದು.

ಬಾಯಿಗೆ ಹಾಕುವ ವಸ್ತುಗಳ ಬಗ್ಗೆ ನನ್ನ ನಂಬಿಕೆ, ಪರಿಸರ ಕಾಳಜಿಗೆ ಬೆಲೆ ಇದೆಯಾ?

ಖಂಡಿತ ಇದೆ. ಬೆಳ್ಳಿ ಬಣ್ಣದ ಅಮಾಲ್ಗಮ್ ಫಿಲ್ಲಿಂಗ್‌ನಲ್ಲಿ ಸುಮಾರು ಅರ್ಧ ಭಾಗ ಪಾದರಸ. ಪಾದರಸದ ಬಗ್ಗೆ ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದ ಅದರ ಬಳಕೆ ಕಡಿಮೆ ಮಾಡಲು ಹೇಳಿತು, ಮುಖ್ಯವಾಗಿ ಪಾದರಸ ನೆಲ, ನೀರಿಗೆ ಸೇರುತ್ತದೆ ಅಂತ. ಹಾಗಂತ ಬಾಯಲ್ಲಿ ಚೆನ್ನಾಗಿರುವ ಹಳೆಯ ಅಮಾಲ್ಗಮ್ ಅನ್ನು ಹೆದರಿ ತೆಗೆಸಬೇಡಿ. ತೆಗೆಯುವಾಗಲೇ ಆವಿ ಜಾಸ್ತಿ ಬರುತ್ತದೆ, ಒಳ್ಳೆ ಹಲ್ಲೂ ಸ್ವಲ್ಪ ಹೋಗುತ್ತದೆ.

ಕಡಿಮೆ ಜನಕ್ಕೆ ಗೊತ್ತಿರುವ ವಿಷಯ ಇನ್ನೊಂದು. ಮೂಳೆ ತುಂಬಿಸಲು ಬಳಸುವ ಪುಡಿ ದನದ್ದು, ಹಂದಿಯದ್ದು, ಮನುಷ್ಯರದ್ದು ಅಥವಾ ಕಾರ್ಖಾನೆಯಲ್ಲಿ ಮಾಡಿದ್ದು ಇರಬಹುದು. ಧರ್ಮದ ಕಾರಣಕ್ಕೋ ಪ್ರಾಣಿದಯೆಗೋ ಅದು ನಿಮಗೆ ಮುಖ್ಯವಾಗಿದ್ದರೆ ಆಪರೇಷನ್‌ಗೆ ಮೊದಲೇ ಕೇಳಿ. ಆಮೇಲೆ ಗೊತ್ತಾಗಿ ಕೊರಗುವುದು ಬೇಡ.

ನನಗೆ ಹಲ್ಲು ಮುಖ್ಯ ಅಂತ ಗೊತ್ತು. ಹಣವೇ ಇಲ್ಲ. ಏನು ಮಾಡಲಿ?

ಹಾಗಾದರೆ ಇದು ನಿಮ್ಮ ಮೌಲ್ಯಗಳ ಕೊರತೆ ಅಲ್ಲವೇ ಅಲ್ಲ. ಯಾರಾದರೂ ‘ನಿಮಗೆ ಹಲ್ಲಿನ ಬೆಲೆ ಗೊತ್ತಿಲ್ಲ’ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನಕ್ಕೆ ಬಾಯಿಯ ಕಾಯಿಲೆ ಇದೆ. ಅವರಲ್ಲಿ ಮುಕ್ಕಾಲು ಪಾಲು ಜನ ಇರುವುದು ಮಧ್ಯಮ ಆದಾಯದ ದೇಶಗಳಲ್ಲಿ. ಇಷ್ಟೂ ಜನ ಅಸಡ್ಡೆ ಮಾಡಿದವರಲ್ಲ.

ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಹಿರಿಯರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ, ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಜಾಸ್ತಿ. ಎಲ್ಲ ಕೆಲಸವನ್ನು ಒಟ್ಟಿಗೆ ಮಾಡಿಸಬೇಕಾಗಿಲ್ಲ. ಮೊದಲು ಸೋಂಕು ಮತ್ತು ನೋವು, ಆಮೇಲೆ ಸಣ್ಣ ತೂತುಗಳು, ಕೊನೆಗೆ ಹೋದ ಹಲ್ಲುಗಳು ಅಂತ ಹಂತ ಮಾಡಿಸಿಕೊಳ್ಳಿ. ಸಿಲ್ವರ್ ಡೈಅಮೀನ್ ಫ್ಲೋರೈಡ್ ಅನ್ನೋ ದ್ರವ ಇದೆ. ಕೊರೆಯದೆ, ಸುಮ್ನೆ ಹಚ್ಚಿದರೆ ಬಹಳಷ್ಟು ಹುಳುಕು ಮುಂದುವರಿಯದೆ ನಿಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಜಾಗ ಕಪ್ಪಾಗುತ್ತದೆ. ಹಿಂದಿನ ಹಲ್ಲಾದರೆ ಬಹಳ ಜನ ಒಪ್ಪುತ್ತಾರೆ. ಮುಂದಿನ ಹಲ್ಲಾದರೆ ನೀವೇ ಯೋಚಿಸಬೇಕು.

ಮುಖ ಊದಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮಾತ್ರ ಯಾವ ಲೆಕ್ಕವೂ ಬೇಡ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಜೀವಕ್ಕೂ ಅಪಾಯ ತರಬಹುದು.

ಅಮ್ಮನಿಗೆ 78. ‘ಇನ್ನೆಷ್ಟು ದಿನ, ಸುಮ್ನೆ ದುಡ್ಡು ಹಾಳು’ ಅಂತಾರೆ. ಒತ್ತಾಯ ಮಾಡಲಾ?

ನನ್ನ ಅಮ್ಮನೂ ಇದೇ ಮಾತು ಹೇಳುತ್ತಿದ್ದರು. ನಾನು ಎರಡು ವರ್ಷ ವಾದ ಮಾಡಿದೆ. ಇಂಪ್ಲಾಂಟ್ ಮಾಡಿಸೋಣ, ಹಣ ನಾನು ಕೊಡ್ತೀನಿ ಅಂತ. ಅವರು ಒಪ್ಪಲಿಲ್ಲ. ವಯಸ್ಸಾದವರಿಗೆ ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಎಂಜಲು ಕಡಿಮೆಯಾದರೆ ಹುಳುಕು ಬೇಗ ಬರುತ್ತದೆ, ಸಡಿಲವಾದ ಕಟ್ಟು ಹಲ್ಲಿನ ಸೆಟ್ಟು ಒಸಡು ಉಜ್ಜಿ ಹುಣ್ಣು ಮಾಡುತ್ತದೆ, ಅಗಿಯಲಾಗದೆ ಊಟ ಕಡಿಮೆಯಾಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ಅವರಿಗೆ ಹೇಳಿಯೂ ಇದ್ದೆ.

ಕೊನೆಗೆ ಒಂದು ಸಂಜೆ ವಾದ ಬಿಟ್ಟು ಕೇಳಿದೆ, ‘ಬಾಯಿ ವಿಷಯದಲ್ಲಿ ನಿಂಗೆ ಯಾವುದು ತುಂಬಾ ಬೇಜಾರು?’ ಅಂತ. ಊಟದ ಮಾತು ಬರುತ್ತದೆ ಅಂದುಕೊಂಡಿದ್ದೆ. ‘ಫೋನಿನಲ್ಲಿ ಮಾತಾಡುವಾಗ ಕೆಳಗಿನ ಸೆಟ್ಟು ಎದ್ದುಬಿಡುತ್ತೆ. ಮೊಮ್ಮಗಳಿಗೆ ನನ್ನ ಮಾತು ಅರ್ಥ ಆಗಲ್ಲ’ ಅಂದರು. ಡಾಕ್ಟರ್ ಸೆಟ್ಟಿನ ಒಳಮೈಗೆ ಹೊಸ ಪದರ ಕೂಡಿಸಿ ಒಸಡಿಗೆ ಸರಿಯಾಗಿ ಹೊಂದಿಸಿಕೊಟ್ಟರು. ನಾನು ಅಂದುಕೊಂಡಿದ್ದ ಖರ್ಚಿನಲ್ಲಿ ಅದು ಬಹಳ ಸಣ್ಣ ಪಾಲು. ಆ ವಾರ ಅಮ್ಮ ಮೊಮ್ಮಗಳ ಜೊತೆ ಒಂದು ಗಂಟೆ ಮಾತಾಡಿದರು.